ನೇವಾ ತೀರದ ನೀರ್ಗಲ್ಲ ಅರಮನೆ

ಮನುಷ್ಯನು ಮನೆಯನ್ನಾಗಲಿ ಗುಡಿಯನ್ನಾಗಲಿ ಕೋಟೆಯನ್ನಾಗಲಿ ಕಟ್ಟಿಸುವಾಗ, ಅದು ತನ್ನ ಆಯುಸ್ಸನ್ನು ಮೀರಿ ನಿಲ್ಲಲಿ, ತನ್ನ ಮಕ್ಕಳು ಮೊಮ್ಮಕ್ಕಳು ಅದರ ನೆರಳಿನಲ್ಲಿ ಬಾಳಲಿ ಎಂಬ ಹಾರೈಕೆಯಿಂದಲೇ ಅಡಿಗಲ್ಲನ್ನಿಡುತ್ತಾನೆ. ಉತ್ತರದ ಶೀತದೇಶಗಳಲ್ಲಾದರೋ ಈ ಸಹಜಧರ್ಮಕ್ಕೆ ವಿಪರೀತವಾದ ಒಂದು ವಾಸ್ತುವಿದ್ಯೆ ಬೆಳೆದು ಬಂದಿದೆ. ಚಳಿಗಾಲ ಬಲಿತೊಡನೆ ನದಿಯ ಮೇಲೆ ಹೆಪ್ಪುಗಟ್ಟಿದ ನೀರ್ಗಲ್ಲನ್ನು ಗರಗಸದಿಂದ ಕೊಯ್ದು, ಒಂದರ ಮೇಲೊಂದನ್ನು ಪೇರಿಸಿ, ಗೋಪುರ ಕಮಾನು ಸಭಾಂಗಣಗಳಿಂದ ಕೂಡಿದ ಸೌಧಗಳನ್ನೆಬ್ಬಿಸಿ, ದೂರದೂರದ ಜನರನ್ನು ಅವುಗಳ ದರ್ಶನಕ್ಕೆ ಆಹ್ವಾನಿಸಿ, ವಸಂತದ ಬಿಸಿಲು ಬಂದಾಗ ಅಷ್ಟನ್ನೂ ಮತ್ತೆ ನೀರಿಗೆ ಒಪ್ಪಿಸಿಬಿಡುವ ವಿದ್ಯೆ ಅದು. ಫಿನ್ಲೆಂಡಿನ ಕೆಮಿ, ಸ್ವೀಡನ್ನಿನ ಯುಕಸ್‌ಯಾರ್ವಿ, ಚೀನದ ಹಾರ್ಬಿನ್ ಮೊದಲಾದ ಊರುಗಳಲ್ಲಿ ಇಂದು ಇಂಥ ಹಿಮಸೌಧಗಳು ವರ್ಷವರ್ಷವೂ ಏಳುತ್ತವೆ. ಆದರೆ ಈ ಜಾತಿಯ ಕಟ್ಟಡಗಳ ಪೈಕಿ ಅತ್ಯಂತ ಕೀರ್ತಿಯನ್ನೂ, ಆ ಕೀರ್ತಿಗೆ ಕಡಿಮೆಯಿಲ್ಲದ ಅಪಕೀರ್ತಿಯನ್ನೂ ಪಡೆದದ್ದು 1740ರಲ್ಲಿ ರಷ್ಯಾದ ರಾಜಧಾನಿಯಾಗಿದ್ದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ, ನೇವಾ ನದಿಯ ಬಳಿಯಲ್ಲಿ, ಸಾಮ್ರಾಜ್ಞಿ ಅನ್ನಾ ಇವಾನೊವ್ನಾಳ ಅಪ್ಪಣೆಯಂತೆ ನಿರ್ಮಿತವಾದ ಮಂಜುಗಡ್ಡೆಯ ಮನೆ.

ಆ ವರ್ಷದ ಚಳಿಗಾಲ ಯುರೋಪು ಖಂಡಕ್ಕೆಲ್ಲ ದುಸ್ಸಹವಾಗಿತ್ತು. ಲಂಡನ್ನಿನಲ್ಲಿ ಥೇಮ್ಸ್ ನದಿ ಹೆಪ್ಪುಗಟ್ಟಿ, ಅದರ ಮೇಲೆ ಅಂಗಡಿಗಳೆದ್ದು ಜಾತ್ರೆ ನೆರೆಯಿತು. ಐರ್ಲೆಂಡಿನಲ್ಲಿ ನೆಲದೊಳಗಿನ ಆಲೂಗೆಡ್ಡೆಗಳೇ ಹಿಮಕ್ಕೆ ಕೊಳೆತು, ಮುಂದಿನ ವರ್ಷಕ್ಕೂ ಹಬ್ಬಿದ ಭೀಕರ ಕ್ಷಾಮಕ್ಕೆ ಬೀಜ ಬಿತ್ತಿದಂತಾಯಿತು. ಬಡವನ ಒಲೆಗೆ ಸೌದೆಯಿಲ್ಲದೆ, ಹೊಟ್ಟೆಗೆ ಹಿಟ್ಟಿಲ್ಲದೆ, ಜನ ಸಾಯುತ್ತಿದ್ದ ಆ ಶೀತವೇ ಪೀಟರ್ಸ್‌ಬರ್ಗಿನ ಆಸ್ಥಾನಕ್ಕೆ ಒಂದು ವಿನೋದದ ಸಾಮಗ್ರಿಯಾಗಿ ಕಂಡಿತು. ಹಿಂದಿನ ವರ್ಷವಷ್ಟೇ ಬೆಲ್ಗ್ರೇಡಿನ ಒಪ್ಪಂದದೊಡನೆ ತುರುಕರ ಮೇಲಣ ಯುದ್ಧ ಮುಗಿದಿತ್ತು. ಬಹುಸಂಖ್ಯೆಯ ಸೈನಿಕರನ್ನು ಬಲಿಗೊಟ್ಟು ರಷ್ಯಾ ಪಡೆದ ಲಾಭ ಅಲ್ಪವೇ ಆಗಿದ್ದರೂ, ವಿಜಯೋತ್ಸವವನ್ನಂತೂ ವೈಭವದಿಂದ ಆಚರಿಸಬೇಕೆಂದು ಸಾಮ್ರಾಜ್ಞಿ ನಿಶ್ಚಯಿಸಿದಳು.

ಈ ಅನ್ನಾ ಯಾರೆಂಬುದನ್ನು ತಿಳಿಯದೆ ಮುಂದಿನ ಕಥೆಯ ಮರ್ಮ ತಿಳಿಯದು. ಮಹಾ ಪೀಟರನ ಅಣ್ಣನಾದ ಐದನೆಯ ಇವಾನನ ಮಗಳಾಗಿ 1693ರಲ್ಲಿ ಹುಟ್ಟಿದ ಈಕೆಯನ್ನು, ಚಿಕ್ಕಪ್ಪನು ತನ್ನ ರಾಜಕಾರ್ಯದ ಅನುಕೂಲಕ್ಕಾಗಿ 1710ರಲ್ಲಿ ಕೂರ್ಲ್ಯಾಂಡಿನ ಡ್ಯೂಕನಿಗೆ ಕೊಟ್ಟು ಮದುವೆ ಮಾಡಿದನು. ಮದುವೆಯ ಸಂಭ್ರಮ ಮುಗಿಸಿಕೊಂಡು ತಮ್ಮ ನಾಡಿಗೆ ಹೊರಟ ದಾರಿಯಲ್ಲಿಯೇ ವರನು ತೀರಿಕೊಂಡನು. ಹದಿನೇಳರ ವಯಸ್ಸಿನಲ್ಲಿ ವಿಧವೆಯಾದ ಆಕೆ, ಪರಭಾಷೆಯ ಪರಜನರ ನಡುವೆ, ಹಣಕ್ಕಾಗಿ ಚಿಕ್ಕಪ್ಪನಿಗೂ ಆಸ್ಥಾನಿಕರಿಗೂ ದೈನ್ಯದ ಓಲೆಗಳನ್ನು ಬರೆಯುತ್ತ ಇಪ್ಪತ್ತು ವರ್ಷಗಳನ್ನು ಕಳೆದಳು. 1730ರಲ್ಲಿ ಸಿಂಹಾಸನ ಬರಿದಾದಾಗ ರಾಜ್ಯದ ಪ್ರಧಾನಮಂಡಲಿ ಅವಳನ್ನು ಕರೆಯಿತು. ಆದರೆ ಆಕೆಯ ಅಧಿಕಾರಕ್ಕೆ ಕಟ್ಟುಗಳನ್ನು ವಿಧಿಸುವ ಒಂದು ಒಪ್ಪಂದಪತ್ರಕ್ಕೆ ಮೊದಲೇ ಸಹಿ ಹಾಕಿಸಿಕೊಂಡಿತು. ಈ ಯೋಜನೆಯ ಸೂತ್ರಧಾರನು ದ್ಮಿತ್ರಿ ಗೊಲಿತ್ಸಿನ್ ಎಂಬ ಮಹಾಕುಲೀನ. ಅನ್ನಾ ಮಾಸ್ಕೋ ನಗರಕ್ಕೆ ಬಂದು, ತನ್ನ ಪಕ್ಷಕ್ಕೆ ಕಾವಲುದಳದ ಬಲವಿರುವುದನ್ನು ಕಂಡುಕೊಂಡು, ಆ ಪತ್ರವನ್ನು ಸರ್ವರೆದುರು ಹರಿದುಹಾಕಿದಳು. ಕಾಲಕ್ರಮದಲ್ಲಿ ದ್ಮಿತ್ರಿ ಗೊಲಿತ್ಸಿನ್ ಸೆರೆಮನೆಯಲ್ಲಿ ಸತ್ತನು. ಯೌವನದ ಅವಮಾನಗಳೂ ಪಟ್ಟಾಭಿಷೇಕದ ಕಾಲದ ಈ ಭಯವೂ ಸೇರಿ ಆಕೆಯ ಮನಸ್ಸಿನಲ್ಲಿ ಕುಲೀನರ ಮೇಲೆ, ಅದರಲ್ಲಿಯೂ ಗೊಲಿತ್ಸಿನ್ ಮನೆತನದ ಮೇಲೆ, ಆರದ ದ್ವೇಷವನ್ನು ಉಳಿಸಿದ್ದವು.

ರಾಜ್ಯಭಾರವನ್ನು ತನ್ನ ಪ್ರೀತಿಪಾತ್ರನಾದ ಬಿರೋನ್ ಮೊದಲಾದವರ ವಶಕ್ಕೆ ಬಿಟ್ಟು, ಅನ್ನಾ ಬೇಟೆಯಲ್ಲಿಯೂ ವಿನೋದದಲ್ಲಿಯೂ ಮಗ್ನಳಾಗಿದ್ದಳು. ಆಕೆಯ ಆಸ್ಥಾನದಲ್ಲಿ ಕುಬ್ಜರು, ಕಥೆ ಹೇಳುವ ಹೆಂಗಸರು, ವಿದೂಷಕರು ತುಂಬಿದ್ದರು. ಆ ವಿದೂಷಕರಲ್ಲಿ ಕೆಲವರು ಹೊಟ್ಟೆಪಾಡಿಗೆ ಬಂದವರಲ್ಲ, ದಂಡನೆಗಾಗಿ ಆ ವೇಷವನ್ನು ತೊಟ್ಟ ರಾಜವಂಶೀಯರು. ಬುಟ್ಟಿಗಳಲ್ಲಿ ಕುಳಿತು ಕೋಳಿಗಳಂತೆ ಕೂಗುವುದು ಇವರ ನಿತ್ಯಸೇವೆಗಳಲ್ಲೊಂದಾಗಿತ್ತು. ಈ ಗುಂಪಿನಲ್ಲಿ ಐವತ್ತು ದಾಟಿದ ರಾಜಕುಮಾರ ಮಿಖೈಲ್ ಗೊಲಿತ್ಸಿನನೂ ಇದ್ದನು. ಪೀಟರನ ಕಾಲದಲ್ಲಿ ಪರದೇಶಕ್ಕೆ ಹೋಗಿ ವಿದ್ಯಾಭ್ಯಾಸ ಮಾಡಿದ ಇವನು, ಇಟಲಿಯಲ್ಲಿ ಒಬ್ಬ ಕನ್ಯೆಯನ್ನು ವರಿಸಿ, ಅವಳಿಗಾಗಿ ಕ್ಯಾಥೊಲಿಕ್ ಮತವನ್ನು ಸೇರಿ, ಗುಟ್ಟಾಗಿ ಸ್ವದೇಶಕ್ಕೆ ಕರೆತಂದನು. ವಿಷಯ ಬಯಲಾಗಲು ಸಾಮ್ರಾಜ್ಞಿ ಆ ಮದುವೆಯನ್ನು ಮುರಿಸಿ, ಅವನನ್ನು ವಿದೂಷಕರ ಸಾಲಿಗಿಳಿಸಿ, ಅತಿಥಿಗಳಿಗೆ ಕ್ವಾಸ್ ಎಂಬ ಹುಳಿಪಾನಕವನ್ನು ಬಡಿಸುವ ಊಳಿಗಕ್ಕೆ ಹಚ್ಚಿದಳು. ಕ್ವಾಸ್ನಿಕ್ ಎಂಬುದೇ ಅಂದಿನಿಂದ ಅವನ ಹೆಸರಾಯಿತು. ಅದೇ ಆಸ್ಥಾನದಲ್ಲಿ ಅವ್ದೋತ್ಯಾ ಬುಝೆನಿನೊವಾ ಎಂಬ ಕಲ್ಮಿಕ್ ಕುಲದ ಊಳಿಗದವಳಿದ್ದಳು. ರೂಪವತಿಯಲ್ಲದ ಆಕೆ ತನಗೊಬ್ಬ ಗಂಡ ಬೇಕೆಂದು ಒಮ್ಮೆ ಹೇಳಿಕೊಂಡಳೆಂದೂ, ಆ ಮಾತನ್ನು ಕೇಳಿದ ಒಡತಿ ಗೊಲಿತ್ಸಿನನನ್ನೇ ವರನನ್ನಾಗಿ ಗೊತ್ತುಮಾಡಿದಳೆಂದೂ ಪ್ರತೀತಿ. ವಿಜಯೋತ್ಸವ, ಹಾಸ್ಯವಿವಾಹ, ಅಪೂರ್ವವಾದ ಶೀತ, ಈ ಮೂರೂ ಒಂದೆಡೆ ಕೂಡಿದಾಗ, ತಾತಿಷ್ಚೇವ್ ಎಂಬ ಆಸ್ಥಾನಿಕನು ನವದಂಪತಿಗಳಿಗಾಗಿ ಮಂಜುಗಡ್ಡೆಯ ಮನೆಯೊಂದನ್ನು ಕಟ್ಟಬಹುದೆಂದು ಸೂಚಿಸಿದನು.

ಏರ್ಪಾಡಿನ ಹೊಣೆಯನ್ನು ಮಂತ್ರಿ ಅರ್ತೇಮಿ ವೊಲಿನ್ಸ್ಕಿಗೂ, ನಕ್ಷೆಯ ಕೆಲಸವನ್ನು ರಾಜಧಾನಿಯ ಶ್ರೇಷ್ಠ ವಾಸ್ತುಶಿಲ್ಪಿಗಳಲ್ಲೊಬ್ಬನಾದ ಪ್ಯೋತರ್ ಎರೋಪ್ಕಿನನಿಗೂ ವಹಿಸಲಾಯಿತು. ಅದರ ವಿವರಗಳನ್ನು ನಾವು ಇಷ್ಟು ಸ್ಪಷ್ಟವಾಗಿ ಬಲ್ಲೆವಾದರೆ, ಅದಕ್ಕೆ ಕಾರಣ ಅಲ್ಲಿನ ವಿಜ್ಞಾನ ಅಕಾಡೆಮಿಯ ಭೌತಶಾಸ್ತ್ರಜ್ಞ ಗಿಯೋರ್ಗ್ ವೊಲ್ಫ್‌ಗಾಂಗ್ ಕ್ರಾಫ್ಟ್. ಆತನು ಕಟ್ಟಡವನ್ನು ಅಳೆದು, ಚಿತ್ರಗಳ ಸಮೇತ 1741ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಮೊದಲಿಗೆ ಹೆಪ್ಪುಗಟ್ಟಿದ ನದಿಯ ಮೇಲೆಯೇ ಮನೆಯನ್ನು ಎಬ್ಬಿಸಲು ತೊಡಗಿದರು. ಗೋಡೆಗಳು ಏರಿದಂತೆ ಭಾರಕ್ಕೆ ಅಡಿಯ ಮಂಜು ಬಾಗಿ ಬಿರಿಯತೊಡಗಿತು. ಅದನ್ನು ಬಿಟ್ಟು, ಚಳಿಗಾಲದ ಅರಮನೆಗೂ ನೌಕಾಭವನಕ್ಕೂ ನಡುವಣ ಜಾಗವನ್ನು ಆರಿಸಿಕೊಂಡು ಜನವರಿಯಲ್ಲಿ ಮತ್ತೆ ಕೆಲಸವನ್ನಾರಂಭಿಸಿದರು. ಅತ್ಯಂತ ನಿರ್ಮಲವಾದ ಗಡ್ಡೆಗಳನ್ನೇ ಆರಿಸಿ, ಕೈವಾರ ಮಟ್ಟಕೋಲುಗಳಿಂದ ಗುರುತು ಹಾಕಿ, ಚೌಕಗಳಾಗಿ ಕೊಯ್ದು, ತೊಲೆಯಂತ್ರದಿಂದ ಮೇಲೆತ್ತಿ, ಒಂದನ್ನೊಂದರ ಮೇಲೆ ಕೂರಿಸುವ ಮುನ್ನ ಸಂದಿಗೆ ನೀರನ್ನು ಸುರಿಯುತ್ತಿದ್ದರು. ಆ ನೀರು ಸುರಿದಲ್ಲಿಯೇ ಗಟ್ಟಿಯಾಗಿ ಗಾರೆಯ ಕೆಲಸವನ್ನು ಮಾಡುತ್ತಿತ್ತು. ಕಲ್ಲಿನ ಗೋಡೆಯಲ್ಲಿ ಕಲ್ಲು ಬೇರೆ, ಸುಣ್ಣ ಬೇರೆ. ಇಲ್ಲಿ ಕಲ್ಲೂ ಗಾರೆಯೂ ಒಂದೇ ದ್ರವ್ಯವಾದ ಕಾರಣ, ಇಡೀ ಮನೆ ಒಂದೇ ನೀಲಿಯ ಬಂಡೆಯಿಂದ ಕಡೆದೆತ್ತಿದಂತೆ ಹೊಳೆಯುತ್ತಿತ್ತೆಂದು ಕ್ರಾಫ್ಟ್ ವರ್ಣಿಸುತ್ತಾನೆ. ಉದ್ದ 56 ಅಡಿ, ಅಗಲ ಹದಿನೇಳೂವರೆ ಅಡಿ, ಮಾಡು ಸೇರಿ ಎತ್ತರ 21 ಅಡಿ. ಗಾತ್ರದಲ್ಲಿ ಅದೇನೂ ಮಹಾಸೌಧವಲ್ಲ. ಅದರ ಹಿರಿಮೆಯೆಲ್ಲ ಇದ್ದದ್ದು ಕುಸುರಿಯ ಕೆಲಸದಲ್ಲಿ.

ಅದನ್ನು ನೋಡಲು ನೆರೆದ ಜನಸಂದಣಿ ಎಷ್ಟೆಂದರೆ ಕಾವಲುಗಾರರನ್ನು ನಿಲ್ಲಿಸಬೇಕಾಯಿತು. ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಮುಂಗಡೆ ಸಾಲಾಗಿ ನಿಂತ ಆರು ಫಿರಂಗಿಗಳು. ಗಾಲಿ ಬಂಡಿ ಕೊಳವೆ ಸಮಸ್ತವೂ ಮಂಜುಗಡ್ಡೆಯವೇ ಆದರೂ, ಅವು ಬರಿಯ ಅಲಂಕಾರಕ್ಕಿರಲಿಲ್ಲ. ನಿಜವಾದ ಮದ್ದನ್ನು ತುಂಬಿ ಹಾರಿಸಿದಾಗ ಒಂದರಿಂದ ಹೊರಟ ಗುಂಡು ಅರವತ್ತು ಹೆಜ್ಜೆಯ ದೂರದಲ್ಲಿ ಎರಡಂಗುಲ ದಪ್ಪದ ಹಲಗೆಯನ್ನು ತೂರಿಕೊಂಡು ಹೋಯಿತು. ಬಾಗಿಲ ಇಕ್ಕೆಲದ ಡಾಲ್ಫಿನ್ ಮೀನುಗಳು ರಾತ್ರಿಯಲ್ಲಿ ಉರಿಯುವ ನಾಫ್ತಾ ಎಣ್ಣೆಯನ್ನು ಬಾಯಿಂದ ಉಗುಳುತ್ತಿದ್ದವು. ಮಗ್ಗುಲಲ್ಲಿ, ಬೆನ್ನ ಮೇಲೆ ಪಾರಸಿಕ ಸವಾರನನ್ನು ಹೊತ್ತು ನಿಂತ, ಜೀವಂತ ಗಜದ ಪ್ರಮಾಣದ ಆನೆಯೊಂದಿತ್ತು. ಹಗಲಿನಲ್ಲಿ ಅದರ ಸೊಂಡಿಲಿಂದ 24 ಅಡಿ ಎತ್ತರಕ್ಕೆ ನೀರು ಚಿಮ್ಮುತ್ತಿತ್ತು, ರಾತ್ರಿಯಲ್ಲಿ ಬೆಂಕಿ ಚಿಮ್ಮುತ್ತಿತ್ತು; ಟೊಳ್ಳಾದ ಒಡಲೊಳಗೆ ಕುಳಿತವನು ಕಹಳೆಯೂದಿ ಘೀಳಿಡಿಸುತ್ತಿದ್ದನು. ನೀರ್ಗಲ್ಲ ಕುಂಡಗಳಲ್ಲಿ ನೀರ್ಗಲ್ಲ ಕಿತ್ತಳೆಯ ಗಿಡಗಳು, ಅವುಗಳ ಕೊಂಬೆಗಳಲ್ಲಿ ನೀರ್ಗಲ್ಲ ಹಕ್ಕಿಗಳು. ಕಿಟಕಿಗಳಿಗೆ ಗಾಜಿನ ಬದಲು ತೆಳ್ಳನೆಯ ಮಂಜಿನ ಹಲ್ಲೆಗಳನ್ನು ಜೋಡಿಸಿದ್ದರಿಂದ, ಇರುಳಿನಲ್ಲಿ ಒಳಗೆ ದೀಪ ಹೊತ್ತಿಸಿದಾಗ ಮನೆಗೆ ಮನೆಯೇ ಬೆಳಗುತ್ತಿತ್ತು.

ಒಳಗೆ ಎರಡು ಕೊಠಡಿಗಳಿದ್ದವು. ಒಂದರಲ್ಲಿ ಮೇಜು, ಪೀಠಗಳು, ಗಡಿಯಾರ, ಪಾತ್ರೆ ಪರಡಿಗಳನ್ನು ಜೋಡಿಸಿದ ಕಪಾಟು. ಮೇಜಿನ ಮೇಲೆ ಆಟಕ್ಕೆ ಹರಡಿದ ಇಸ್ಪೀಟೆಲೆಗಳು ಅಲ್ಲಿಯೇ ಹೆಪ್ಪುಗಟ್ಟಿ ಅಂಟಿಕೊಂಡಿದ್ದವು. ಇನ್ನೊಂದು ಶಯನಾಗಾರ. ಪರದೆ ಇಳಿಬಿಟ್ಟ ಮಂಚ, ಹಾಸಿಗೆ, ದಿಂಬು, ಹೊದಿಕೆ, ದಿಂಬಿನ ಮೇಲೆ ಎರಡು ಕುಲಾವಿಗಳು, ಕೆಳಗೆ ಎರಡು ಜೊತೆ ಪಾದರಕ್ಷೆಗಳು, ಎಲ್ಲವೂ ಕೊರೆಯುವ ಮಂಜಿನಲ್ಲಿ ಕೊರೆದವೇ. ಅಗ್ಗಿಷ್ಟಿಕೆಯ ಹಿಮದ ಕೊರಡುಗಳಿಗೆ ನಾಫ್ತಾವನ್ನು ಬಳಿದು ಉರಿಸುತ್ತಿದ್ದರು. ನೋಟಕ್ಕೆ ಬೆಂಕಿಯಿತ್ತು, ಮೈಗೆ ಕಾವಿರಲಿಲ್ಲ. ಮನೆಯ ಹತ್ತಿರವೇ ಮರದ ದಿಮ್ಮಿಗಳ ಆಕಾರದಲ್ಲಿ ಕಡೆದ ಮಂಜಿನ ಸ್ನಾನಗೃಹವೊಂದಿದ್ದು, ಅದನ್ನು ಹಲವು ಸಲ ಕಾಯಿಸಿ ಹಬೆಯ ಸ್ನಾನವನ್ನೂ ಮಾಡಿದರಂತೆ. ಇಷ್ಟನ್ನೂ ಮಾಡಿದ ಕೈಗಳ ಕೌಶಲವನ್ನು ಯಾರು ತಾನೆ ಕೊಂಡಾಡದೆ ಇದ್ದಾರು! ಹೆಸರುಳಿಯದ ಆ ಬಡಗಿಗಳೂ ಶಿಲ್ಪಿಗಳೂ, ಬೆರಳು ಮರಗಟ್ಟಿಸುವ ಗಾಳಿಯಲ್ಲಿ ನಿಂತು, ಒಂದು ಋತುವಿನಾಚೆಗೆ ಉಳಿಯದೆಂದು ತಿಳಿದೂ ಒಂದೊಂದು ಎಲೆಯನ್ನೂ ಒಂದೊಂದು ಗರಿಯನ್ನೂ ಶ್ರದ್ಧೆಯಿಂದ ಕಡೆದರು. ಕಲೆಗಾರನ ಧರ್ಮವನ್ನು ಅವರು ಲೋಪವಿಲ್ಲದೆ ನಡೆಸಿದರು. ಲೋಪವಿದ್ದದ್ದು ಆ ಕಲೆಯನ್ನು ಬೇಡಿದವರ ಹೃದಯದಲ್ಲಿ.

ಫೆಬ್ರವರಿ 6ರಂದು, ಅಂದಿನ ರಷ್ಯಾದ ಹಳೆಯ ಪಂಚಾಂಗದ ಲೆಕ್ಕದಂತೆ, ಮದುವೆ ನಡೆಯಿತು. ಸಾಮ್ರಾಜ್ಯದ ನಾನಾ ಜನಾಂಗಗಳಿಂದ ಒಂದೊಂದು ಗಂಡುಹೆಣ್ಣಿನ ಜೋಡಿಯನ್ನು ಕಳುಹಿಸಿಕೊಡಬೇಕೆಂದು ಪ್ರಾಂತ್ಯಾಧಿಪತಿಗಳಿಗೆ ಮೊದಲೇ ಆಜ್ಞೆ ಹೋಗಿದ್ದುದರಿಂದ, ತಂತಮ್ಮ ದೇಶೀಯ ಉಡುಪುಗಳನ್ನು ಧರಿಸಿ ತಂತಮ್ಮ ವಾದ್ಯಗಳನ್ನು ಹಿಡಿದು ಬಂದವರು ಹಿಮಸಾರಂಗ, ನಾಯಿ, ಎತ್ತು, ಆಡು, ಹಂದಿ, ಒಂಟೆಗಳನ್ನು ಕಟ್ಟಿದ ಜಾರುಬಂಡಿಗಳಲ್ಲಿ ಕುಳಿತು ಮೆರವಣಿಗೆಯಲ್ಲಿ ಸಾಗಿದರು. ಎಲ್ಲರ ನಡುವೆ, ಆನೆಯ ಮೇಲಿರಿಸಿದ ಕಬ್ಬಿಣದ ಪಂಜರದಲ್ಲಿ ಮದುಮಕ್ಕಳನ್ನು ಕೂರಿಸಿದ್ದರು. ಹಿಮದ ಬೀದಿಗಳಲ್ಲಿ ಹೆಜ್ಜೆಯಿಟ್ಟ ಆ ಉಷ್ಣದೇಶದ ಪ್ರಾಣಿಯೂ, ಪಂಜರದೊಳಗಿನ ವೃದ್ಧ ರಾಜಕುಮಾರನೂ, ಸ್ವಜನರಿಂದ ದೂರಳಾದ ಕಲ್ಮಿಕ್ ಹೆಣ್ಣೂ ಪರರ ಇಚ್ಛೆಗೆ ಸಿಕ್ಕಿ ಅಲ್ಲಿಗೆ ಬಂದವರೇ ಆಗಿದ್ದರು. ಬಿರೋನನ ಕುದುರೆಶಾಲೆಯ ವಿಶಾಲಾಂಗಣದಲ್ಲಿ ಔತಣ ನಡೆಯಿತು. ವಸೀಲಿ ತ್ರೆದಿಯಾಕೊವ್ಸ್ಕಿ ಎಂಬ ಕವಿ ನವದಂಪತಿಗಳನ್ನು ಕುರಿತ ಪರಿಹಾಸದ ಪದ್ಯವನ್ನು ಓದಿದನು. ರಷ್ಯನ್ ಛಂದಸ್ಸಿಗೆ ಹೊಸ ಹಾದಿಯನ್ನು ತೋರಿದ ಈ ಪಂಡಿತನನ್ನು, ಎರಡು ದಿನ ಮೊದಲು ವೊಲಿನ್ಸ್ಕಿ ತಾನೇ ಹೊಡೆದು, ಆಳುಗಳಿಂದ ಹೊಡೆಸಿ, ಅದನ್ನು ಬಿರೋನನಲ್ಲಿ ದೂರಲು ಹೋದಾಗ ಅಲ್ಲಿಯೇ ಮತ್ತೆ ಹಿಡಿದು ಬಡಿದು, ಸೆರೆಯಲ್ಲಿಟ್ಟಿದ್ದನು. ಬಾಸುಂಡೆಗಳು ಆರದ ಮೈಯಲ್ಲಿ, ಮುಖಕ್ಕೆ ಮುಖವಾಡವನ್ನು ತೊಟ್ಟು, ಅವನು ಸಭೆಯನ್ನು ನಗಿಸಬೇಕಾಯಿತು.

ಊಟ ಕುಣಿತಗಳು ಮುಗಿದ ಮೇಲೆ ದಂಪತಿಗಳನ್ನು ಮಂಜಿನ ಮನೆಗೆ ಒಯ್ದು, ಮಂಜಿನ ಹಾಸಿಗೆಯಲ್ಲಿ ಮಲಗಿಸಿ, ಬೆಳಗಾಗುವ ತನಕ ಹೊರಬಾರದಂತೆ ಬಾಗಿಲಿಗೆ ಕಾವಲನ್ನಿಟ್ಟರು. ನಮ್ಮ ಭಾರತಕಥೆಯಲ್ಲಿ ಎರಡು ಅದ್ಭುತಗೃಹಗಳ ಪ್ರಸ್ತಾಪ ಬರುತ್ತದೆ. ಒಂದು, ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮೆಗೊಳಿಸಿದ ಮಯನ ಸಭೆ. ಇನ್ನೊಂದು, ಅತಿಥಿಗಳನ್ನು ಆದರದಿಂದ ಕರೆದು ಕೊಲ್ಲುವುದಕ್ಕಾಗಿಯೇ ಕಟ್ಟಿದ ಅರಗಿನ ಮನೆ. ವ್ಯಾಸರು ಇವೆರಡನ್ನೂ ಬೇರೆ ಬೇರೆಯಾಗಿಟ್ಟರು. ಅನ್ನಾಳ ಆಸ್ಥಾನ ಅವೆರಡನ್ನೂ ಒಂದೇ ಸೂರಿನಡಿಯಲ್ಲಿ ತಂದಿತು: ನೋಡಬಂದವರಿಗೆ ಮಯಸಭೆಯಾದದ್ದು ಒಳಗಿದ್ದವರಿಗೆ ಲಾಕ್ಷಾಗೃಹವಾಯಿತು. ಬೆಳಗ್ಗೆ ಬಾಗಿಲು ತೆರೆದಾಗ ಗಂಡಹೆಂಡಿರು ಚಳಿಯಿಂದ ಅರೆಜೀವವಾಗಿದ್ದರೂ ಬದುಕಿದ್ದರು. ವಧು ತನ್ನ ಮುತ್ತಿನ ಹಾರವನ್ನು ಕಾವಲುಗಾರನಿಗೆ ಕೊಟ್ಟು ಅವನ ಕುರಿದೊಗಲ ಕೋಟನ್ನು ಪಡೆದು ಗಂಡನನ್ನು ಉಳಿಸಿಕೊಂಡಳೆಂಬ ಕಥೆ ರಷ್ಯಾದಲ್ಲಿ ಇಂದಿಗೂ ಪ್ರಚಲಿತವಾಗಿದೆ. ಅದು ಜನರು ಕಟ್ಟಿದ ಕಥೆಯೇ ಆಗಿದ್ದರೂ, ಆಸ್ಥಾನ ಯಾರನ್ನು ನೋಡಿ ನಕ್ಕಿತೋ ಅವಳಲ್ಲಿಯೇ ಜನಸಾಮಾನ್ಯರು ಮನುಷ್ಯತ್ವವನ್ನು ಕಂಡರೆಂಬುದಕ್ಕೆ ಸಾಕ್ಷಿಯಾಗಿದೆ.

ಮಾರ್ಚಿ ತಿಂಗಳ ಕೊನೆಯವರೆಗೆ ನಿಂತು, ತೆಂಕಣ ಗೋಡೆಯಿಂದ ಮೊದಲುಗೊಂಡು ಮನೆ ಕುಸಿಯತೊಡಗಿತು. ಕರಗದೆ ಉಳಿದ ದೊಡ್ಡ ಗಡ್ಡೆಗಳನ್ನು ಅರಮನೆಯ ಹಿಮದ ಉಗ್ರಾಣಕ್ಕೆ ಸಾಗಿಸಿದರು. ಅದನ್ನು ಕಟ್ಟಿಸಿದವರ ಅಧಿಕಾರವೂ ಅದರ ತರುವಾಯ ಹೆಚ್ಚು ಕಾಲ ಬಾಳಲಿಲ್ಲ. ವೊಲಿನ್ಸ್ಕಿಯ ಮೇಲೆ ಬಿರೋನನು ಹೂಡಿದ ಆಪಾದನೆಗಳಲ್ಲಿ ಕವಿಯನ್ನು ಬಿರೋನನ ಮನೆಯಲ್ಲಿಯೇ ಹೊಡೆದದ್ದೂ ಒಂದಾಯಿತು. ಚಿತ್ರಹಿಂಸೆಯ ವಿಚಾರಣೆಯ ಬಳಿಕ ಅದೇ ವರ್ಷದ ಜೂನ್ 27ರಂದು ಅವನ ಶಿರಚ್ಛೇದವಾಯಿತು. ಮಂಜಿನ ಮನೆಯ ಶಿಲ್ಪಿ ಎರೋಪ್ಕಿನನೂ ಅವನ ಪಕ್ಷದವನೆಂಬ ಕಾರಣಕ್ಕಾಗಿ ಅದೇ ದಿನ ಅದೇ ಗತಿಯನ್ನು ಕಂಡನು. ಅಕ್ಟೋಬರಿನಲ್ಲಿ ಅನ್ನಾ ತೀರಿಕೊಂಡಳು. ನವೆಂಬರಿನಲ್ಲಿ ಬಿರೋನನು ಸೆರೆಸಿಕ್ಕಿ, ಮುಂದೆ ಸೈಬೀರಿಯಾಕ್ಕೆ ಗಡೀಪಾರಾದನು. ಅವ್ದೋತ್ಯಾ 1742ರಲ್ಲಿ ಸತ್ತಳು. ವಿದೂಷಕವೃತ್ತಿಯಿಂದ ಬಿಡುಗಡೆ ಹೊಂದಿದ ಗೊಲಿತ್ಸಿನನು ಮಾತ್ರ, ತನ್ನನ್ನು ಪೀಡಿಸಿದವರೆಲ್ಲರ ಅವಸಾನವನ್ನೂ ಕಂಡು, 1775ರವರೆಗೆ ಬಾಳಿದನು. ಸುಮಾರು ನೂರು ವರ್ಷಗಳ ತರುವಾಯ, 1835ರಲ್ಲಿ, ಲಝೆಚ್ನಿಕೊವ್ ಎಂಬ ಕಾದಂಬರಿಕಾರನು ‘ಮಂಜಿನ ಮನೆ’ ಎಂಬ ಹೆಸರಿನಿಂದಲೇ ಈ ವೃತ್ತಾಂತವನ್ನು ಬರೆದಾಗ, ಓದುಗರು ಅದನ್ನು ನಿರಂಕುಶ ಪ್ರಭುತ್ವದ ಕಥೆಯೆಂದೇ ಓದಿದರು.

ಆದರೂ ನೀರ್ಗಲ್ಲಿನ ವಾಸ್ತುವಿದ್ಯೆ ಈ ಕಳಂಕದಲ್ಲಿಯೇ ಮುಳುಗಿಹೋಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಅಟ್ಲಾಂಟಿಕ್ ಸಾಗರದ ಆಚೆಗೆ ಹೊಸ ಜನ್ಮವನ್ನೆತ್ತಿತು. 1883ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದವರು ಚಳಿಗಾಲದ ಉತ್ಸವಕ್ಕಾಗಿ ಹಚಿಸನ್ ಎಂಬ ಶಿಲ್ಪಿಯಿಂದ ಹಿಮದುರ್ಗವೊಂದನ್ನು ಕಟ್ಟಿಸಿದರು. ಅಮೆರಿಕದ ಸೇಂಟ್ ಪಾಲ್ ನಗರವನ್ನು ಪೂರ್ವತೀರದ ಪತ್ರಕರ್ತನೊಬ್ಬನು ಸೈಬೀರಿಯಾಕ್ಕೆ ಹೋಲಿಸಿ, ಚಳಿಗಾಲದಲ್ಲಿ ಅದು ಮನುಷ್ಯವಾಸಕ್ಕೆ ತಕ್ಕುದಲ್ಲವೆಂದು ಬರೆದನೆಂಬ ಅಭಿಮಾನಭಂಗದಿಂದ ಆ ಊರಿನವರು 1886ರಲ್ಲಿ ತಮ್ಮದೇ ಉತ್ಸವವನ್ನು ಆರಂಭಿಸಿದರು. ಸಿಡುಬಿನ ಹಾವಳಿಯಿಂದ ಮಾಂಟ್ರಿಯಲಿನ ಉತ್ಸವ ಆ ವರ್ಷ ನಿಂತುಹೋದುದರಿಂದ ಅದೇ ಹಚಿಸನ್ ಇಲ್ಲಿಗೆ ಬಂದು ನೂರಡಿ ಮೀರಿದ ಗೋಪುರದ ಸೌಧವನ್ನು ರಚಿಸಿದನು. ಶೀತದ ಒಡೆಯನ ಕೋಟೆಗೆ ಅಗ್ನಿಯ ಒಡೆಯನ ಪರಿವಾರ ಬಾಣಬಿರುಸುಗಳೊಡನೆ ಮುತ್ತಿಗೆ ಹಾಕುವುದು ಆ ಉತ್ಸವದ ಮುಖ್ಯ ಆಟ. ಅಲ್ಲಿ ಆಡುವವರೂ ನೋಡುವವರೂ ಒಂದೇ ಊರಿನ ನಾಗರಿಕರು. ಯಾರನ್ನೂ ಪಂಜರದಲ್ಲಿಡುವ ಪ್ರಮೇಯವಿರಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಹೃದಯಸ್ಪರ್ಶಿಯಾದದ್ದು ಕೊಲರಾಡೊ ಬೆಟ್ಟಗಳ ಲೆಡ್‌ವಿಲ್ ಊರಿನ ಪ್ರಯತ್ನ. ಬೆಳ್ಳಿಯ ಗಣಿಗಳಿಂದ ಬೆಳೆದ ಆ ಊರು, 1893ರಲ್ಲಿ ಬೆಳ್ಳಿಯ ಬೆಲೆ ಬಿದ್ದುಹೋದಾಗ ದಿಕ್ಕುಗೆಟ್ಟಿತು. ಕೆಲಸವಿಲ್ಲದೆ ಕುಳಿತ ಗಣಿಯಾಳುಗಳಿಗೆ ಕೂಲಿ ಸಿಕ್ಕಬೇಕು, ಪ್ರವಾಸಿಗಳು ಬಂದು ಅಂಗಡಿಬೀದಿಗೆ ಜೀವ ಬರಬೇಕು ಎಂದು ಊರಿನವರು ಚಂದಾ ಎತ್ತಿ, ಬಹು ವಿಶಾಲವಾದ, 90 ಅಡಿ ಎತ್ತರದ ಬುರುಜುಗಳುಳ್ಳ ಅರಮನೆಯನ್ನು ಸುಮಾರು 5,000 ಟನ್ ಮಂಜುಗಡ್ಡೆಯಿಂದ ಕಟ್ಟಿದರು. 1896ರ ಜನವರಿ 1ರಂದು ಅದು ತೆರೆಯಿತು. ನಡುವೆ ಜಾರಾಟದ ವಿಶಾಲಾಂಗಣ, ಪಕ್ಕದಲ್ಲಿ ನೃತ್ಯಶಾಲೆಗಳು, ಗೋಡೆಯ ಗಡ್ಡೆಗಳೊಳಗೆ ಹೆಪ್ಪುಗಟ್ಟಿಸಿಟ್ಟ ಮೀನುಗಳು ಹೂವುಗಳು. ಮಾರ್ಚಿ ಕೊನೆಗೆ ಅದೂ ಕರಗಿತು. ಹಾಕಿದ ಹಣವೂ ಮರಳಲಿಲ್ಲ. ಹಾಗಿದ್ದರೂ, ಒಂದು ಚಳಿಗಾಲದ ಮಟ್ಟಿಗೆ ನೂರಾರು ಕೈಗಳಿಗೆ ಕೆಲಸವನ್ನೂ ಸೋತ ಊರಿಗೆ ಸಂಭ್ರಮವನ್ನೂ ಅದು ಕೊಟ್ಟಿತೆಂಬುದನ್ನು ಯಾವ ಲೆಕ್ಕದ ಪುಸ್ತಕವೂ ನಷ್ಟದ ಬಾಬಿಗೆ ಸೇರಿಸಲಾರದು.

ಈಗಿನ ಕಾಲದಲ್ಲಿ ಈ ವಿದ್ಯೆ ಲೋಕವ್ಯಾಪಿಯಾಗಿದೆ. ಹಾರ್ಬಿನ್ ನಗರದಲ್ಲಿ 1963ರಲ್ಲಿ ಮಂಜಿನ ದೀಪಗಳ ತೋಟವಾಗಿ ಮೊದಲಾದ ಉತ್ಸವ, ಸೊಂಗ್‌ಹುವಾ ನದಿಯ ಗಡ್ಡೆಗಳಿಂದ ಬೀದಿಬೀದಿಗಳನ್ನೇ ಎಬ್ಬಿಸುವಷ್ಟು ಬೆಳೆದಿದೆ. ಯುಕಸ್‌ಯಾರ್ವಿಯಲ್ಲಿ ಟೋರ್ನೆ ನದಿಯ ಗಡ್ಡೆಗಳಿಂದ ಕಟ್ಟಿದ ವಸತಿಗೃಹದ ಮಂಜಿನ ಮಂಚದ ಮೇಲೆ, ಹಿಮಸಾರಂಗದ ತೊಗಲನ್ನು ಹಾಸಿ ದಪ್ಪನೆಯ ಹೊದಿಕೆಯೊಳಗೆ ಮಲಗಲು ಜನರು ಹಣ ತೆತ್ತು ಹೋಗುತ್ತಾರೆ. ಕೆಮಿಯ ಹಿಮದ ಕೋಟೆಯಲ್ಲಿ 1996ರಿಂದ ಈಚೆಗೆ, ಅದರೊಳಗಿನ ಪ್ರಾರ್ಥನಾಮಂದಿರದಲ್ಲಿ, ವಧೂವರರು ತಾವಾಗಿ ಬಯಸಿ ಮದುವೆಯಾಗುತ್ತಾರೆ. ಅದೇ ಹೆಪ್ಪುಗಟ್ಟಿದ ನೀರು, ಅದೇ ಚಳಿ. ಗೊಲಿತ್ಸಿನನಿಗೂ ಇವರಿಗೂ ಇರುವ ಅಂತರ ಒಂದೇ: ಇವರು ತಮ್ಮ ಇಚ್ಛೆಯಿಂದ ಒಳಹೊಕ್ಕು, ತಮ್ಮ ಇಚ್ಛೆ ಬಂದಾಗ ಹೊರಬರಬಲ್ಲರು.

ಆ ಅಂತರವೇ ಈ ಇತಿಹಾಸದ ಸಾರ. ಕಟ್ಟಡದ ಅಂದವನ್ನು ಅಳೆಯಲು ಅದರ ಗೋಡೆಗಳನ್ನು ನೋಡಿದರೆ ಸಾಕು. ಅದರ ಯೋಗ್ಯತೆಯನ್ನು ಅಳೆಯಬೇಕಾದರೆ ಅದರೊಳಗೆ ಇದ್ದವರ ಅನುಭವವನ್ನು ಕೇಳಬೇಕು. ಕ್ರಾಫ್ಟ್ ಪಂಡಿತನು ನೇವಾ ತೀರದ ಮನೆಯ ಪ್ರತಿಯೊಂದು ಕಂಬವನ್ನೂ ಅಳೆದು ಬರೆದಿಟ್ಟನು, ಅದಕ್ಕಾಗಿ ನಾವು ಅವನಿಗೆ ಋಣಿಗಳು. ಆದರೆ ಆ ಮನೆಯಲ್ಲಿ ಇರುಳು ಕಳೆದ ಇಬ್ಬರ ನೋವನ್ನು ಅವನ ಅಳತೆಗೋಲು ಮುಟ್ಟಲಿಲ್ಲ. ಆದುದರಿಂದ ಯಾವ ಕಾಲದ, ಯಾವ ದೇಶದ ರಾಜವೈಭವದ ವರ್ಣನೆಯನ್ನು ಓದುವಾಗಲೂ ಓದುಗರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು: ಈ ಸೊಬಗು ಯಾರ ಸಂತೋಷಕ್ಕಾಗಿ, ಯಾರ ಮೈಯ ಕಾವನ್ನು ಕಿತ್ತುಕೊಂಡು ಎದ್ದಿತು? ಆ ಪ್ರಶ್ನೆಗೆ ನಾಚದೆ ಉತ್ತರ ಹೇಳಬಲ್ಲ ಕಟ್ಟಡ, ಒಂದೇ ಚಳಿಗಾಲ ನಿಂತು ಕರಗಿಹೋದರೂ, ಮೆಚ್ಚುಗೆಗೆ ಅರ್ಹವಾದದ್ದೇ ಸರಿ.